ಮೊದಲು ನಾನು ಮಾತಾಡಿಸುವಂತಿರಲಿಲ್ಲ

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿದ ಎಷ್ಟೋ ಜನ ಈ ಹೆಂಗಸಿಗೆ ಬಲು ಜಂಬ ಎಂದುಕೊಂಡಿರಬಹುದು. ಎದುರಿಗೇ ಬಂದರೂ ನಾನು ನಗುವುದಿಲ್ಲ, ಚೆನ್ನಾಗಿದ್ದೀರಾ ಎನ್ನುವುದಿಲ್ಲ, ಮೈಸೂರು ಬಸ್ಸಿನ ಬೋರ್ಡು ಓದುವವಳಂತೆ ಆ ಕಡೆ ತಿರುಗಿಬಿಡುತ್ತೇನೆ. ನನ್ನ ತಂಗಿಯೇ ಒಮ್ಮೆ ಬೈದಳು, "ಆಯಮ್ಮ ನಿನ್ನೇ ನೋಡ್ತಾ ಅವ್ಳೆ. ಒಂದ್ ಮಾತಾಡ್ಸುದ್ರೆ ನಿನ್ ಗಂಟೇನ್ ಹೋಯ್ತದೆ?" ತಂಗಿಗೆ ಏನೆಂದು ಹೇಳಲಿ? ಆಯಮ್ಮ ನನ್ನ ಕೊಠಡಿಯಲ್ಲಿ ಕೂತು ಅತ್ತವಳು. ಅವಳಾಗಿಯೇ ಮಾತಾಡಿಸಿದರೆ ನಾನೂ ಮಾತಾಡಬಹುದು. ಇಲ್ಲದಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಅವಳ ಪಕ್ಕದಲ್ಲಿ ನಿಂತಿರುವ ನಾದಿನಿ "ಈ ಮೇಡಂ ನಿಂಗೆಂಗ್ ಗೊತ್ತು?" ಎಂದು ಕೇಳಿದರೆ ಪಾಪ ಅವಳು ಎಲ್ಲಿಂದ ಉತ್ತರ ತರಬೇಕು?

ನಾನು ಆಪ್ತ ಸಮಾಲೋಚಕಿಯಾಗಿದ್ದೆ. ಹಾಗೆಂದರೆ ಏನು ಎಂದು ನಮ್ಮ ಮನೆಯವರಿಗೆ ತಿಳಿಸಿ ಹೇಳುವುದರಲ್ಲೇ ಅರ್ಧ ಸರ್ವಿಸು ಮುಗಿಯಿತು. ಊರವರು ಕೌನ್ಸಿಲಿಂಗ್ ಮೇಡಂ ಎನ್ನುತ್ತಿದ್ದರು, ಕೆಲವರು ಮಾತಿನ ಡಾಕ್ಟ್ರು ಎನ್ನುತ್ತಿದ್ದರು. ಮೊದಲು ಎಚ್.ಡಿ. ಕೋಟೆ, ಆಮೇಲೆ ಪಿರಿಯಾಪಟ್ಟಣ. ಈಗ ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಮನೆಗೆ ಬಂದು "ಮೇಡಂ, ನೀವು ಯಾವ ಅಪ್ರೋಚ್ ಬಳಸ್ತಿದ್ರಿ?" ಎಂದು ಕೇಳುತ್ತಾರೆ. ಪದ್ಧತಿಗಳ ಹೆಸರು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಅವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನ ತರಬೇತಿಯಲ್ಲಿ ನಮಗೆ ಕೂರುವುದನ್ನು ಕಲಿಸಿದ್ದರು. ಸ್ವಲ್ಪ ಮುಂದಕ್ಕೆ ಬಾಗಬೇಕು, ಕೈಕಟ್ಟಬಾರದು, ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕು. ಇದನ್ನೆಲ್ಲ ಮಡಿಕೆ ಮುರಿಯದ ಸೀರೆಯ ಹಾಗೆ ಜೋಪಾನವಾಗಿ ಎಚ್.ಡಿ. ಕೋಟೆಗೆ ಹೊತ್ತುಕೊಂಡು ಹೋದೆ. ಮೊದಲ ವಾರವೇ ಎನ್. ಬೇಗೂರಿನಲ್ಲಿ ಒಬ್ಬ ಅಜ್ಜಿಯ ಮುಂದೆ ಕೂತು, ಹೇಳಿಕೊಟ್ಟಂತೆ ಬಾಗಿ, ಕಣ್ಣಿಟ್ಟು ನೋಡಿದೆ. ಅಜ್ಜಿ ಸುಮಾರು ಹೊತ್ತು ಸಹಿಸಿಕೊಂಡಿತು. ಆಮೇಲೆ ಕೇಳಿತು, "ಅದ್ಯಾಕವ್ವ ಹಂಗ್ ದುರುಗುಟ್ಕಂಡ್ ನೋಡೀಯೆ? ನಾನೇನಾರ ಕದ್ದಿದ್ದೀನಾ?" ಅಲ್ಲಿಯ ಹೆಂಗಸರು ಮುಖ ನೋಡಿ ಮಾತಾಡುವವರೇ ಅಲ್ಲ. ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದರೆ ಮೊರ ತುಂಬುವಷ್ಟರಲ್ಲಿ ಎದೆಯಲ್ಲಿದ್ದದ್ದೆಲ್ಲ ತಾನಾಗಿ ಹೊರಬರುತ್ತಿತ್ತು. ನಾನು ಎಷ್ಟು ಮನೆಗಳ ಅವರೆಕಾಯಿ ಸುಲಿದಿದ್ದೇನೋ ಲೆಕ್ಕವಿಲ್ಲ.

ಇನ್ನೊಮ್ಮೆ ಒಬ್ಬ ರೈತ ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡು ಬಂದಿದ್ದ. ಅಣ್ಣತಮ್ಮಂದಿರ ಜಗಳ, ನಿದ್ದೆ ಬಾರದು, ಕೈ ನಡುಕ. ಎಲ್ಲ ಕೇಳಿ ನಾನು ಪುಸ್ತಕದಂತೆ, "ಇದರ ಬಗ್ಗೆ ನಿಮಗೆ ಏನನ್ನಿಸುತ್ತೆ?" ಎಂದೆ. ಆತ ಟವಲ್ಲು ಕೊಡವಿ ಎದ್ದೇಬಿಟ್ಟ. "ನಂಗೇನ್ ಅನ್ನುಸ್ತದೆ ಅಂತ ನಂಗ್ ಗೊತ್ತಿಲ್ವಾ? ಅದ್ನ ಕೇಳಕ್ಕೆ ಬಸ್ ಚಾರ್ಜ್ ಕೊಟ್ಕಂಡ್ ಇಲ್ಲಿಗ್ ಬರ್ಬೇಕಿತ್ತಾ?" ಅಂದಿನಿಂದ ಆ ಪ್ರಶ್ನೆ ಬಿಟ್ಟೆ. ಊಟ ಸೇರ್ತದಾ ಎಂದು ಕೇಳುತ್ತಿದ್ದೆ. ನಮ್ಮ ಕಡೆ ದುಃಖ, ಭಯ, ಅವಮಾನ ಎಲ್ಲವೂ ಮೊದಲು ತಟ್ಟೆಯ ಮುಂದೆ ಕಾಣಿಸಿಕೊಳ್ಳುತ್ತವೆ. ಸೇರಲ್ಲ ಎಂದರೆ ಯಾವಾಗಿನಿಂದ ಎನ್ನಬೇಕು. ಮಿಕ್ಕದ್ದು ಹಿಂದೆಯೇ ಬರುತ್ತಿತ್ತು.

ಪಿರಿಯಾಪಟ್ಟಣದಲ್ಲಿ ನನಗೆ ಕೊಟ್ಟದ್ದು ಆಸ್ಪತ್ರೆಯ ಹಿಂಬದಿಯ ಒಂದು ಸಾಮಾನಿನ ಕೊಠಡಿ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಗೆ ಆಪ್ತ ಸಮಾಲೋಚನಾ ಕೇಂದ್ರ ಎಂದು ದೊಡ್ಡ ಬೋರ್ಡು. ಆ ಬೋರ್ಡು ಇರುವವರೆಗೆ ಒಬ್ಬರೂ ಒಳಗೆ ಬರಲಿಲ್ಲ. ಆ ಬಾಗಿಲಿಗೆ ಹೋಗುವವರಿಗೆ "ಆ ಕಾಯಿಲೆ", ಅಂದರೆ ಏಡ್ಸ್, ಇರುತ್ತದೆ ಎಂದು ಊರಲ್ಲಿ ಗುಲ್ಲಾಗಿತ್ತು. ಡಾಕ್ಟರನ್ನು ಕಾಡಿ ಬೇಡಿ ಬೋರ್ಡು ತೆಗೆಸಿದ ಮೇಲೆ ಜನ ಬರತೊಡಗಿದರು. ಮೇಲಿನ ಆಫೀಸಿನಿಂದ ತಪಾಸಣೆಗೆ ಬಂದ ಸಾಹೇಬರು ಬೋರ್ಡು ಎಲ್ಲಿ ಎಂದು ಕೂಗಾಡಿ, ಫೋಟೋಗೆಂದು ಮತ್ತೆ ಹಾಕಿಸಿದರು. ಅವರ ಜೀಪು ಗೇಟು ದಾಟಿದ ಕೂಡಲೇ ನಾನು ಮತ್ತೆ ತೆಗೆಸಿದೆ.

ಕೆ.ಆರ್. ನಗರದಲ್ಲಿ ರಾಜಪ್ಪ ಎಂಬ ಸಹೋದ್ಯೋಗಿ ಇದ್ದರು. ಹಳೆಯ ಕಾಲದವರು. ಅವರ ಪದ್ಧತಿ ಎಂದರೆ ರಾಜಿ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ, ಇಬ್ಬರಿಗೂ ಬೈದು, ಬುದ್ಧಿ ಹೇಳಿ ಕಳಿಸುವುದು. ಒಮ್ಮೆ ಒಂದು ಜೋಡಿಗೆ ಮಧ್ಯಾಹ್ನದವರೆಗೆ ಉಪದೇಶ ಮಾಡಿದರಂತೆ. ಬಾಗಿಲ ಬಳಿ ಹೋದ ಇಬ್ಬರೂ ಒಟ್ಟಿಗೆ ತಿರುಗಿ ನಿಂತು, "ನಮ್ಮನೆ ವಿಸ್ಯ ಕೇಳಕ್ಕೆ ನೀವ್ಯಾರ್ರೀ?" ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡರು. "ಇಬ್ರೂ ಒಂದಾದ್ರಲ್ಲ ಮೇಡಂ, ಕೇಸ್ ಸಕ್ಸಸ್ಸು!" ಎಂದು ರಾಜಪ್ಪ ನಮ್ಮ ಮುಂದೆ ಮೀಸೆ ತಿರುವಿದ್ದರು.

ಇಂಥವನ್ನೆಲ್ಲ ನಾವು ಹೇಳಿಕೊಳ್ಳುತ್ತಿದ್ದದ್ದು ಶನಿವಾರದ ಮೇಲ್ವಿಚಾರಣೆಯಲ್ಲಿ. ಬೇರೆ ಕಚೇರಿಗಳಲ್ಲಿ ಮೇಲ್ವಿಚಾರಣೆ ಎಂದರೆ ತಪ್ಪು ಹುಡುಕುವುದು. ನಮ್ಮಲ್ಲಿ ಹಾಗಲ್ಲ. ದಿನವಿಡೀ ಬೇರೆಯವರ ಸಂಕಟ ಕೇಳಿದವರ ಮಾತನ್ನು ಕೇಳಲು ಒಬ್ಬರು ಬೇಕಲ್ಲ, ಅದು. ತಿಂಗಳಿಗೊಂದು ಶನಿವಾರ ಮೈಸೂರಿನಿಂದ ವಿಮಲಾ ಮೇಡಂ ಕೆಂಪು ಬಸ್ಸಿನಲ್ಲಿ ಹುಣಸೂರಿಗೆ ಬರುತ್ತಿದ್ದರು. ನಾಲ್ಕು ತಾಲ್ಲೂಕಿನ ನಾವು ನಾಲ್ವರು ಒಂದು ಶಾಲೆಯ ಮಹಡಿಯಲ್ಲಿ ಅವರ ಸುತ್ತ ಕೂರುತ್ತಿದ್ದೆವು. ಸಣ್ಣ ಆಕೃತಿ, ಕಾಟನ್ ಸೀರೆ, ಸಿಡುಕು ಸ್ವಭಾವ. ನಾವು ಕೇಸನ್ನು ಉದ್ದಕ್ಕೆ ವರದಿ ಒಪ್ಪಿಸಲು ಹೋದರೆ ಅರ್ಧಕ್ಕೇ ತಡೆಯುತ್ತಿದ್ದರು. "ಅವಳು ಏನು ಹೇಳಿದಳು ಅಂತ ಆಮೇಲೆ ನೋಡೋಣ. ನೀನು ಏನು ಹೇಳಿದೆ? ಹೇಳುವಾಗ ನಿನ್ನೊಳಗೆ ಏನಾಗ್ತಿತ್ತು?"

ಕೆಲವೊಮ್ಮೆ ನಮ್ಮಿಂದ ನಾಟಕ ಮಾಡಿಸುತ್ತಿದ್ದರು. ನಮ್ಮ ಹತ್ತಿರ ಬಂದವರ ಪಾತ್ರ ನಾವೇ ಮಾಡಬೇಕು. ಒಂದು ಸಲ ರಾಜಪ್ಪ ಹೆಗಲ ಟವಲ್ಲನ್ನೇ ಸೆರಗಾಗಿ ಹೊದ್ದು, ಗಂಡ ಬಿಟ್ಟ ಸೊಸೆಯಾಗಿ ಮೂಗು ಒರೆಸಿಕೊಳ್ಳುತ್ತಾ ಮಾತಾಡತೊಡಗಿದರು. ನಾವು ಹೊಟ್ಟೆ ಹಿಡಿದು ನಕ್ಕೆವು. ನಗುನಗುತ್ತಲೇ ನೋಡಿದರೆ ರಾಜಪ್ಪನ ಕಣ್ಣಲ್ಲಿ ನಿಜವಾದ ನೀರು. ವಿಮಲಾ ಮೇಡಂ ಮೆಲ್ಲಗೆ, "ರಾಜಪ್ಪ, ಇದು ಯಾರ ಅಳು?" ಎಂದರು. ರಾಜಪ್ಪ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು, "ನನ್ ಮಗಳದು ಮೇಡಂ" ಎಂದರು. ಮಗಳು ಮನೆಗೆ ವಾಪಸು ಬಂದಿದ್ದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆಮೇಲೆ ಅವರು ರಾಜಿ ಪಂಚಾಯ್ತಿ ನಿಲ್ಲಿಸಿದರು. ಆ ಮಹಡಿ ಈಗಲೂ ಇದೆ. ಅದರ ಕೆಳಗೆ ಹಾದುಹೋಗುವಾಗ ಮೇಲೆ ಹತ್ತಿ ಒಂದು ಗಳಿಗೆ ಕೂತು ಬರೋಣ ಎಂದು ಆಸೆಯಾಗುತ್ತದೆ.

ಇನ್ನು ಮಂಗಳನ ವಿಷಯ. ಅದು ಅವಳ ಹೆಸರಲ್ಲ. ಊರು ಹೇಳುವುದಿಲ್ಲ. ಮುಂದೆ ಬರುವ ನೆಂಟಸ್ತಿಕೆಗಳನ್ನೂ ಗುರುತು ಹತ್ತದಂತೆ ತಿರುಗಿಸಿದ್ದೇನೆ. ಪಿರಿಯಾಪಟ್ಟಣದ ಕಡೆಯ ಒಂದು ಹೊಗೆಸೊಪ್ಪಿನ ಊರು ಎಂದರೆ ಸಾಕು. ತಲೆನೋವು, ಕೈಕಾಲು ಸೋಲು ಎಂದು ಬಂದವಳನ್ನು ಡಾಕ್ಟರು ಪರೀಕ್ಷಿಸಿ ನನ್ನ ಕಡೆ ಕಳಿಸಿದ್ದರು. ಸಂತೆಯ ದಿನ ಬರುತ್ತಿದ್ದಳು. ರಕ್ತ ಕಡಿಮೆ, ಸೂಜಿ ಹಾಕಿಸಿಕೊಳ್ಳಬೇಕು ಎಂದು ಮನೆಯಲ್ಲಿ ಹೇಳಿದ್ದಳು. ಬಂದವಳು ಸಂತೆಯ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಒಂದು ಮಾತಿಲ್ಲ. ಹೊತ್ತಾದ ಮೇಲೆ ಎದ್ದು ಹೋಗುತ್ತಿದ್ದಳು. ಮತ್ತೆ ಸಂತೆಗೆ ಬಂದಾಗ ಅದೇ ಮೌನ.

ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಾನು ಸುಮ್ಮನಿರುವ ಜಾತಿಯವಳಲ್ಲ. ಶನಿವಾರ ವಿಮಲಾ ಮೇಡಂ ಮುಂದೆ ಗೋಳು ಹೇಳಿಕೊಂಡೆ, "ಅವಳು ಏನೂ ಹೇಳಲ್ಲ ಮೇಡಂ, ನನ್ನಿಂದ ಏನೂ ಉಪಯೋಗ ಆಗ್ತಿಲ್ಲ." ಅವರು, "ಸಾವಿತ್ರಿ, ಅವಳು ಬರ್ತಾ ಇದಾಳಲ್ಲ. ಏನೂ ಉಪಯೋಗ ಇಲ್ಲದ ಕಡೆಗೆ ಯಾರಾದ್ರೂ ಬಿಸಿಲಲ್ಲಿ ಬಸ್ ಹಿಡ್ಕೊಂಡು ಬರ್ತಾರಾ? ಮಾತಿಲ್ಲದೆ ಕೂರೋಕೆ ಅವಳಿಗೆ ಅದೊಂದೇ ಜಾಗ ಇರಬಹುದು. ನಿನ್ನ ಚಡಪಡಿಕೆ ಅಲ್ಲಿಗೆ ತಗೊಂಡು ಹೋಗಬೇಡ, ಇಲ್ಲಿಗೆ ತಗೊಂಡು ಬಾ" ಎಂದರು.

ಹಾಗೆಯೇ ಮಾಡಿದೆ. ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ನಾನೂ ಸುಮ್ಮನೆ ಕೂತೆ. ಕೊನೆಗೊಂದು ದಿನ ಅವಳ ಬಾಯಿಂದ ಮಾತು ಬಂತು. "ಸೊಪ್ ಕಟ್ಟಕ್ ಓಗಿದ್ದೆ ಅಕ್ಕ." ಬ್ಯಾರನ್ನಿಗೆ, ಅಂದರೆ ಬೆಂಕಿ ಹಾಕಿ ಸೊಪ್ಪು ಒಣಗಿಸುವ ಮನೆಗೆ, ಹೊಗೆಸೊಪ್ಪು ಏರಿಸುವ ದಿನ. ಕಡ್ಡಿಗೆ ಎಲೆ ಕಟ್ಟಲು ಆಳು ಸಾಲದೆ ಅವಳೂ ಹೋಗಿದ್ದಳು. ಮಗುವಿಗೆ ಬೆಳಗ್ಗೆ ಮೈ ಬೆಚ್ಚಗಿತ್ತು, ಅತ್ತೆ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದಳು. ಸಂಜೆ ಬಂದಾಗ ಮೈ ಸುಡುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋದರೂ ಮಗು ಉಳಿಯಲಿಲ್ಲ. ಆಮೇಲೆ ಮನೆಯಲ್ಲಿ ಮಗುವಿನ ಹೆಸರನ್ನೇ ಎತ್ತಬಾರದು ಎಂದಾಯಿತು. ಬಟ್ಟೆಗಳನ್ನು ಯಾರಿಗೋ ಕೊಟ್ಟರು. ಅಳುವುದಕ್ಕೆ ಕೂತರೆ, ಇನ್ನೊಂದು ಆಯ್ತದೆ ಸುಮ್ಕಿರು ಎನ್ನುತ್ತಿದ್ದರು. ಅವರು ಕೆಟ್ಟವರೇನಲ್ಲ. ದುಃಖವನ್ನು ಹಾಗೆ ಅಟ್ಟಬಹುದು ಎಂದುಕೊಂಡಿದ್ದವರು.

"ಸಾಯ್ಬೇಕು ಅನ್ನುಸ್ತದಾ ಮಂಗಳ?" ಎಂದು ನೇರವಾಗಿ ಕೇಳಿದೆ. ಹೊಸಬರು ಈ ಪ್ರಶ್ನೆಗೆ ಹೆದರುತ್ತಾರೆ, ಎಲ್ಲಿ ನಾವೇ ಆ ಯೋಚನೆ ಹುಟ್ಟಿಸಿಬಿಡುತ್ತೇವೋ ಎಂದು. ಹಾಗೇನೂ ಆಗುವುದಿಲ್ಲ. ಯಾರಾದರೂ ಕೇಳಲಿ ಎಂದೇ ಅವರು ಕಾಯುತ್ತಿರುತ್ತಾರೆ. ಅವಳು ತಲೆಯಾಡಿಸಿ ಹೂಂ ಎಂದಳು. ಡಾಕ್ಟರಿಗೆ ಹೇಳೋಣವೇ ಎಂದೆ, ಒಪ್ಪಿದಳು. ಮಾತ್ರೆ ಶುರುವಾಯಿತು. ತವರಿನಲ್ಲಿದ್ದ ಅವ್ವನಿಗೆ ಮಾತ್ರ ತಿಳಿಸಲೂ ಒಪ್ಪಿದಳು. ಆ ತಾಯಿ ಬಂದು ಕೆಲವು ದಿನ ಜೊತೆಯಲ್ಲಿದ್ದಳು. ಪ್ರತಿ ಸಲ ಏಳುವಾಗ, ಮುಂದಿನ ಸಂತೆಗೆ ಬರುತ್ತೀಯಲ್ಲ ಎಂದು ನಾನು ಕೇಳುತ್ತಿದ್ದೆ. ಬತ್ತೀನಿ ಎಂದು ಅವಳು ಮಾತು ಕೊಡುತ್ತಿದ್ದಳು. ಬರುವವರೆಗೆ ನನಗೆ ಬೇರೆ ಯಾವ ಕೆಲಸದ ಮೇಲೂ ಗಮನವಿರುತ್ತಿರಲಿಲ್ಲ. ಒಂದು ದಿನ ಮಗುವಿನ ಹೆಸರನ್ನು ಒಮ್ಮೆ ಹೇಳಿದಳು, ಪಿಸುಗುಟ್ಟಿದ ಹಾಗೆ, ಬಾಗಿಲ ಕಡೆ ನೋಡಿಕೊಂಡು. ಆಮೇಲೆ ಚೀಲದಲ್ಲಿ ತರಕಾರಿ ಕಾಣತೊಡಗಿತು. ನನಗೂ ಒಂದು ಸೀಬೆಹಣ್ಣು ತಂದಳು. ಊಟ ಸೇರುತ್ತಿತ್ತು.

ಆಮೇಲೆ ಬರುವುದು ನಿಂತುಹೋಯಿತು.

ಒಂದು ಸಂತೆ ಹೋಯಿತು, ಇನ್ನೊಂದು ಹೋಯಿತು. ಸೊಪ್ಪಿನ ಕೆಲಸ ಜೋರಿರಬಹುದು ಎಂದುಕೊಂಡೆ. ಬ್ಯಾರನ್ ಉರಿಯುವ ಕಾಲದಲ್ಲಿ ನಮ್ಮ ಕೊಠಡಿಗೆ ಯಾರೂ ಬರುತ್ತಿರಲಿಲ್ಲ. ಆ ಕಾಲವೂ ಮುಗಿಯಿತು. ಮನೆಯಲ್ಲಿದ್ದ ಮೊಬೈಲು ಗಂಡನ ಕೈಯಲ್ಲಿ. ಅವ್ವನ ಹತ್ತಿರ ಫೋನೇ ಇರಲಿಲ್ಲ. ಶನಿವಾರ ವಿಮಲಾ ಮೇಡಂ ಬಳಿ, "ಒಂದು ಸಲ ಆ ಊರಿಗೆ ಹೋಗಿ ನೋಡ್ಕೊಂಡು ಬರ್ತೀನಿ" ಎಂದೆ. ಅವರು ಬೇಡ ಎಂದರು. "ನೀನು ಆ ಬೀದಿಗೆ ಕಾಲಿಟ್ಟರೆ ಸಾಕು, ಅವಳು ಎಲ್ಲಿಗೆ ಬರ್ತಿದ್ದಳು ಅಂತ ಊರಿಗೆಲ್ಲ ಗೊತ್ತಾಗುತ್ತೆ. ನಿನ್ನ ಕೊಠಡಿಯ ಬಾಗಿಲು ಅವಳಿಗೆ ಶಾಶ್ವತವಾಗಿ ಮುಚ್ಚಿಹೋಗುತ್ತೆ. ಅಲ್ಲೇನಾದ್ರೂ ಅನಾಹುತ ಆಗಿದ್ರೆ ಆಸ್ಪತ್ರೆಗೆ ಸುದ್ದಿ ಬಾರದೆ ಇರ್ತಿತ್ತಾ? ಡಾಕ್ಟರಿಗೆ ಹೇಳಿ ಆ ಊರಿನ ಆರೋಗ್ಯ ಸಹಾಯಕಿ ಕಡೆಯಿಂದ ವಿಚಾರಿಸು." ವಿಚಾರಿಸಿದಾಗ ಮನೆಯಲ್ಲಿ ಇಲ್ಲ, ತವರಿಗೆ ಹೋಗಿದ್ದಾಳೆ ಎಂಬಷ್ಟೇ ಉತ್ತರ ಬಂತು. ಯಾಕೆ ಹೋದಳು, ಹೇಗಿದ್ದಾಳೆ, ಅದನ್ನು ಹೇಳುವವರಿರಲಿಲ್ಲ. ನಾನು ಮೇಡಂ ಮೇಲೆ ರೇಗಿದೆ, ನಿಮಗೆ ಕರುಳಿಲ್ಲ ಎಂದೂ ಅಂದೆ. ಅವರು ನನ್ನ ಕೈ ಹಿಡಿದುಕೊಂಡು, "ತಿಳ್ಕೊಳ್ಳಬೇಕು ಅನ್ನೋದು ಈಗ ನಿನ್ನ ಹಸಿವು, ಅವಳದಲ್ಲ" ಎಂದರು. ಆ ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು.

ವರ್ಷಗಳು ಕಳೆದವು. ಪಿರಿಯಾಪಟ್ಟಣದ ಸಂತೆಯಲ್ಲಿ, ಬೈಲಕುಪ್ಪೆಯ ಕಡೆಯಿಂದ ಬರುವ ಬಸ್ಸುಗಳಲ್ಲಿ, ಸಂತೆ ಚೀಲ ತೊಡೆಯ ಮೇಲಿಟ್ಟುಕೊಂಡ ಹೆಂಗಸು ಯಾರೇ ಕಂಡರೂ ನನ್ನ ಕಣ್ಣು ಅತ್ತ ಹೋಗುತ್ತಿತ್ತು. ವಿಮಲಾ ಮೇಡಂ ಕೆಲಸ ಬಿಟ್ಟರು. ಅವರ ಜಾಗಕ್ಕೆ ಕಂಪ್ಯೂಟರು ಬಂತು. ಮೇಲ್ವಿಚಾರಣೆ ಈಗ ವಿಡಿಯೋ ಕಾಲಿನಲ್ಲಿ. ಪರದೆಯ ತುಂಬ ಪುಟ್ಟ ಪುಟ್ಟ ಮುಖಗಳು, ಎಲ್ಲರ ಮೈಕೂ ಬಂದ್. ಈ ತಿಂಗಳು ಎಷ್ಟು ಜನ ಬಂದರು, ಎಷ್ಟು ಕೇಸು ಮುಗಿಯಿತು, ಇಷ್ಟೇ. ಮಂಗಳನಂಥವಳಿಗೆ ಲೆಕ್ಕ ತುಂಬುವ ಆ್ಯಪಿನಲ್ಲಿ ಒತ್ತಬೇಕಾದ ಬಟನ್ನು, ಅರ್ಧಕ್ಕೆ ಬಿಟ್ಟವರು. ಫೋನಿನಲ್ಲಿ ಮಾತಾಡುವ ಸೌಕರ್ಯ ಬಂದದ್ದು ಒಳ್ಳೆಯದೇ, ಎಷ್ಟೋ ಹೆಣ್ಣುಮಕ್ಕಳಿಗೆ ಬಸ್ಸು ಹತ್ತುವ ಭಯ ತಪ್ಪಿದೆ. ಆದರೆ ನಿನ್ನೊಳಗೆ ಏನಾಗ್ತಿತ್ತು ಎಂದು ನನ್ನನ್ನು ಕೇಳುವವರು ಆಮೇಲೆ ಯಾರೂ ಇರಲಿಲ್ಲ. ನಾನು ನಿವೃತ್ತಳಾಗುವ ಹೊತ್ತಿಗೆ ವಿಮಲಾ ಮೇಡಂ ತೀರಿಕೊಂಡಿದ್ದರು. ಗಂಡ, ತಂಗಿ, ಮಕ್ಕಳು ಎಲ್ಲ ಇದ್ದಾರೆ. ಅವರಿಗೆ ನಾನು ಏನನ್ನೂ ಹೇಳುವಂತಿಲ್ಲ. ಹೇಳಬಹುದಾಗಿದ್ದದ್ದು ವಿಮಲಾ ಮೇಡಂ ಒಬ್ಬರಿಗೆ ಮಾತ್ರ. ಅವರಿಲ್ಲದ್ದು ಈಗಲೂ ದಿನಕ್ಕೊಮ್ಮೆಯಾದರೂ ಕಾಡುತ್ತದೆ.

ಹೋದ ಮದುವೆ ಕಾಲದಲ್ಲಿ ಕೆ.ಆರ್. ನಗರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಸಂಬಂಧದ ಹುಡುಗನ ಮದುವೆಯಿತ್ತು. ಧಾರೆ ಮುಗಿದು, ಊಟಕ್ಕೆ ಇನ್ನೂ ಹೊತ್ತಿದೆ ಎಂದು ನಾನು ಫ್ಯಾನಿನ ಕೆಳಗೆ ಕುರ್ಚಿ ಹುಡುಕಿ ಕೂತಿದ್ದೆ. ಮದುವೆ ಹುಡುಗಿಯ ತಾಯಿ ಗೌರಮ್ಮ ಒಬ್ಬ ಹೆಂಗಸನ್ನು ಕೈಹಿಡಿದು ಕರೆತಂದರು. "ಇವ್ರು ಗಂಡಿನ್ ಕಡೇರು, ಸೋದರತ್ತೆ ಆಗ್ಬೇಕು. ಇವ್ಳು ನಮ್ ತಮ್ಮನ್ ಎಂಡ್ತಿ ಕಣ್ರೀ."

ಮಂಗಳ. ಮೈ ತುಂಬಿಕೊಂಡಿದ್ದಳು. ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ. ಬದುಕಿದ್ದಾಳೆ, ಬದುಕಿದ್ದಾಳೆ ಎಂದು ಕೂಗಬೇಕೆನಿಸಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಗೌರಮ್ಮ, "ಯಾಕವ್ವ, ಮೊದ್ಲೇ ಗೊತ್ತಾ?" ಎಂದರು.

"ಇಲ್ಲ ಕಣತ್ತಿಗೆ. ಈಗ್ಲೇ ನೋಡ್ತಿರೋದು" ಎಂದಳು ಮಂಗಳ.

"ನಾನೂ ಈಗ್ಲೇ" ಎಂದೆ ನಾನು.

ಅವಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಗೌರಮ್ಮನೂ ಕಾಲು ಸೋತು ಎದುರಿಗೆ ಕೂತರು. ನಮ್ಮ ಕಡೆ ಮದುವೆ ಮನೆಯಲ್ಲಿ ಹೊಸ ನೆಂಟರನ್ನು ಏನು ಬೇಕಾದರೂ ಕೇಳಬಹುದು. ಯಾವೂರು, ಅತ್ತೆ ಇದ್ದಾರಾ, ಗದ್ದೆ ಎಷ್ಟು, ಬೋರಲ್ಲಿ ನೀರಿದೆಯಾ, ಯಾರೂ ತಪ್ಪು ತಿಳಿಯುವುದಿಲ್ಲ. ಕೇಳದಿದ್ದರೇ ಬಿಗುಮಾನ ಎನ್ನುತ್ತಾರೆ. ಸರ್ವಿಸಿನುದ್ದಕ್ಕೂ ಕೇಳಲಾಗದೆ ನುಂಗಿಕೊಂಡಿದ್ದನ್ನೆಲ್ಲ ನಾನು ಬೀಗರ ಕಡೆಯವಳಾಗಿ ಕೇಳಿದೆ. ಹೊಗೆಸೊಪ್ಪು ಈಗಲೂ ಹಾಕುತ್ತೀರಾ? ಹಾಕುತ್ತೀವಿ, ಬ್ಯಾರನ್ ಹೊಸದಾಗಿ ಕಟ್ಟಿಸಿದ್ದೀವಿ. ಅತ್ತೆ? ಅವ್ರೆ, ಕಣ್ಣು ಮಂಜು. ಕೊನೆಗೆ ಇದನ್ನೂ ಕೇಳಿದೆ. "ಮಕ್ಳೆಷ್ಟವ್ವ?"

"ಒಬ್ಳೇ ಮಗ್ಳು" ಎಂದು ಗೌರಮ್ಮ ಅವಸರದಲ್ಲಿ ಉತ್ತರ ಕೊಟ್ಟರು.

"ಇಬ್ರು" ಎಂದಳು ಮಂಗಳ. "ಮೊದುಲ್ನೇದು ಗಂಡು. ಜ್ವರ ಬಂದು ಓಗ್ಬುಟ್ಟ." ಮಗುವಿನ ಹೆಸರನ್ನೂ ಹೇಳಿದಳು, ಗಟ್ಟಿಯಾಗಿ, ವಾಲಗದ ಸದ್ದಿನ ಮೇಲೆ ಕೇಳಿಸುವಂತೆ.

ಗೌರಮ್ಮನ ಮುಖ ಸಪ್ಪಗಾಯಿತು. "ಅದ್ಯಾಕವ್ವ ಈಗ, ಸುಬ ಕಾರ್ಯದಲ್ಲಿ?"

"ಕೇಳುದ್ರಲ್ಲ ಅತ್ತಿಗೆ, ಯೋಳ್ದೆ. ನನ್ ಮಗ ಅಲ್ವಾ?" ಎಂದು ಮಂಗಳ ನನ್ನ ಕಡೆ ತಿರುಗಿದಳು. "ಆಮೇಲೆ ಮಗ್ಳು. ಅವ್ಳು ಒಟ್ಟೇಲಿದ್ದಾಗ ಬಾಳ ವಾಂತಿ. ಬಸ್ ಅತ್ತಂಗೇ ಇರ್ಲಿಲ್ಲ. ನಮ್ಮವ್ವ ಬಂದು ಕರ್ಕಂಡೋಯ್ತು. ಬಾಣಂತನ ಎಲ್ಲಾ ಅಲ್ಲೇ. ಆಗ್ಲಿಂದ ಸಂತೆಗ್ ಬರಕ್ಕೇ ಆಗ್ಲಿಲ್ಲ."

ಸಂತೆಗೆ ಎನ್ನುವಾಗ ಅವಳ ಕಣ್ಣು ನನ್ನ ಕಣ್ಣನ್ನು ಬಿಟ್ಟು ಕದಲಲಿಲ್ಲ. ನಾನು ಹೂಂ ಎಂದೆ. ಫೋಟೋದವನು ಕೂಗಿದನೆಂದು ಗೌರಮ್ಮ ಎದ್ದು ಮಂಟಪದ ಕಡೆ ಹೋದರು.

ಈಗ ನಾವಿಬ್ಬರೇ. ಸುತ್ತ ಕುರ್ಚಿಗಳು ಖಾಲಿ. ನನಗೆ ಅವಳ ಕೈ ಹಿಡಿದುಕೊಳ್ಳಬೇಕು, ಎಷ್ಟು ಹುಡುಕಿದೆನಲ್ಲೇ ನಿನ್ನ ಎನ್ನಬೇಕು ಎನಿಸಿ ಬಾಯಿ ತುದಿಗೆ ಬಂದಿತ್ತು. ಮೊದಲು ಮಾತಾಡಬೇಕಾದವಳು ಅವಳು. ಕಾದೆ. ಅವಳು ಸೆರಗು ಸರಿಮಾಡಿಕೊಂಡು, ಮಂಟಪದ ಕಡೆ ನೋಡುತ್ತಾ ಕೇಳಿದಳು, "ನೀವೇನ್ ಮಾಡ್ಕಂಡಿದ್ರಿ?"

"ಆಸ್ಪತ್ರೇಲಿ ಕೆಲ್ಸದಲ್ಲಿದ್ದೆ. ಈಗ ರಿಟೈರ್ ಆಗಿದೀನಿ."

"ಮನೇಲ್ ಕೂತ್ರೆ ಬ್ಯಾಸ್ರ ಆಗಕ್ಕಿಲ್ವಾ?"

ನನ್ನ ಸುಖದುಃಖವನ್ನು ಬಂದವರ ಮುಂದೆ ಹೇಳಿಕೊಳ್ಳಬಾರದು ಎಂಬುದು ನಮ್ಮ ಇನ್ನೊಂದು ನಿಯಮ. ಆದರೆ ಈಗ ಕೇಳುತ್ತಿರುವವಳು ಬೀಗರ ಕಡೆಯ ಹೆಂಗಸು. "ಆಯ್ತದೆ ಕಣವ್ವ" ಎಂದೆ. "ಬರ್ತಾ ಇದ್ದ ಜನ ನೆನಪಾಯ್ತಾರೆ. ಏನಾದ್ರೋ, ಹೆಂಗವ್ರೋ ಅಂತ."

ಮಂಗಳ ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಆಮೇಲೆ ಮೆಲ್ಲಗೆ, "ಚೆಂದಾಗವ್ರೆ ಬುಡಿ. ಯೋಚ್ನೆ ಮಾಡ್ಬ್ಯಾಡಿ" ಎಂದಳು.

ಊಟಕ್ಕೆ ಏಳಿ ಎಂದು ಯಾರೋ ಕೂಗಿದರು. ಉದ್ದ ಲಂಗದ ಒಂದು ಹುಡುಗಿ ಓಡಿಬಂದು ಅವಳ ಕೈ ಎಳೆಯಿತು. ಮಂಗಳ ಎದ್ದು, ಹೊಸ ನೆಂಟರಿಗೆ ಹೇಳುವಂತೆ ನನಗೂ ಊಟಕ್ಕೆ ಬನ್ನಿ ಎಂದು ಹೇಳಿ, ಮಗಳ ಜೊತೆ ಊಟದ ಹಾಲಿನ ಕಡೆ ನಡೆದಳು. ಅವಳ ಪಂಕ್ತಿ ಎದ್ದು ಎಲೆ ತೆಗೆಯುವವರೆಗೆ ನಾನು, ಮತ್ತೆ ಜೊತೆಗೆ ಕೂತು ಯಾರಿಗೂ ಅನುಮಾನ ಬರಬಾರದೆಂದು, ಆ ಕುರ್ಚಿಯಲ್ಲೇ ಕಾದು, ಮುಂದಿನ ಪಂಕ್ತಿಗೆ ಕೂತೆ.